ಹನ್ನೆರಡು ಡಿಗ್ರಿ ಕಮ್ಮಿ

ಸಿಯಾಲ್‌ಕೋಟಿನಿಂದ ಮೂರು ಹಳ್ಳಿ ಆಚೆ.
ಬಿಸಿಲಿದ್ದ ದಿನ ಉತ್ತರಕ್ಕೆ ಹಿಮದ ಗೆರೆ ಕಾಣುವ ಅಂಗಳ,
ಇವತ್ತು ಮಂಜಿನಲ್ಲಿ ಕಟ್ಟಿದ ಎಮ್ಮೆಯೂ ಕಾಣದು.
ಸುಘ್ರಾಳ ಮಂಡಿಗಳ ನಡುವೆ ಮರದ ಇಕ್ಕಳ:
ಅದರ ಬಾಯಿ ಒಂದು ಲಘುಕೋನ,
ಕಚ್ಚಿದ್ದನ್ನು ಬಿಡದು.
ಎರಡು ಸೂಜಿ, ಮೇಣ ತಿಂದ ದಾರ
ಎದುರುಬದುರು ಹೊಕ್ಕು ಹೊರಟು
ತೋಳೆರಡೂ ಚಾಚಿದಾಗ ಸರಳಕೋನ.
ನೂರ ಎಂಬತ್ತು. ಒಂದು ಹೊಲಿಗೆ.
ಮತ್ತೆ ಮಡಚಿ, ಮತ್ತೆ ಚಾಚಿ,
ಒಂದು ಚೆಂಡಿಗೆ ಏಳುನೂರರ ಹತ್ತಿರ.

ಮಗಳು ಮೆಹ್ವಿಶ್‌ಗೆ ಅಳೆಯುವ ಹುಚ್ಚು.
ಎಂಬತ್ತರಿಂದ ನೂರರವರೆಗೆ ಅಂಕಿ ಅಳಿಸಿದ ಕೋನಮಾಪಕ,
ಅದಕ್ಕೇ ಮನೆಯ ಲಂಬಕೋನಗಳೆಲ್ಲ ಅಂದಾಜು.
ಗೋಡೆ ಎಂಬತ್ತೇಳಿರಬೇಕು, ಬಾಗಿಲು ತೊಂಬತ್ತೊಂದು,
ಹಗ್ಗದ ಮಂಚವಂತೂ ಕೂತವರ ಭಾರ ನೋಡಿ
ಒಂದು ಮೂಲೆ ಕುಗ್ಗಿಸಿ ಇನ್ನೊಂದು ಹಿಗ್ಗಿಸುತ್ತದೆ,
ಕೂಡಿದರೆ ಮಾತ್ರ ಅದೇ ಮುನ್ನೂರ ಅರವತ್ತು.
ಅಕ್ಕತಂಗಿಯರ ಹಾಗೆ, ಅಂದಳು,
ತನಗೆ ಅಕ್ಕನಿಲ್ಲದಿದ್ದರೂ.

ಶಾಲೆಯಲ್ಲಿ ಕೇಳಿದ್ದು ಇಷ್ಟೇ:
ಸಮ ಪಂಚಭುಜದ ಒಳಕೋನ ಎಷ್ಟು?
ಕಾರ್ಖಾನೆಯ ಗಂಟಿನಿಂದ ಕಪ್ಪು ತುಂಡೊಂದನ್ನು ಎತ್ತಿ
ಒಂದೇ ಮೂಲೆಯಿಂದ ಸೀಮೆಸುಣ್ಣದ ಎರಡು ಗೆರೆ ಎಳೆದಳು.
ಮೂರು ತ್ರಿಕೋನ ಬಿಚ್ಚಿಕೊಂಡವು.
ಐನೂರ ನಲವತ್ತು, ಐವರಿಗೆ ಹಂಚಿದರೆ
ತಲೆಗೆ ನೂರ ಎಂಟು.
ಬಿಳಿ ಷಡ್ಭುಜಕ್ಕೆ ಇನ್ನೊಂದು ಗೆರೆ ಹೆಚ್ಚು,
ತಲೆಗೆ ನೂರಿಪ್ಪತ್ತು.
ಎಲ್ಲ ವಿಶಾಲಕೋನ, ಕಾಲು ನೀಡಿ ಕೂತ ಜಾತಿ.
"ಗುರುತು ಉಳಿದರೆ ಚೆಂಡಿನ ಕೂಲಿ ಕಟ್ಟು"
ದಾರ ಕಚ್ಚಿದ ಬಾಯಲ್ಲೇ ಅಮ್ಮಿ ಗದರಿದಳು.
ದುಪಟ್ಟಾದ ಚುಂಗಿನಿಂದ ಒರೆಸಿದ್ದಾಯಿತು.

ಮೂರು ಬಿಳಿ ತುಂಡನ್ನು ನೆಲದ ಮೇಲೆ
ಮೂಲೆಗೆ ಮೂಲೆ ತಾಗಿಸಿದಳು. ಸುತ್ತು ಪೂರ್ತಿ,
ಇರುವೆ ತೂರಲೂ ಸಂದಿಲ್ಲ.
ಚಪ್ಪಟೆ ಬಿದ್ದುಕೊಂಡವು, ಆರಿದ ರೊಟ್ಟಿಯಂತೆ.
ಒಂದನ್ನು ತೆಗೆದು ಕಪ್ಪನ್ನು ಇಟ್ಟಳು.
ಮುನ್ನೂರ ನಲವತ್ತೆಂಟು.
ಸಂದಿಯಲ್ಲಿ ನೆಲ ಕಂಡಿತು, ಸಣ್ಣಗೆ, ಚೂಪಾಗಿ.

"ಅಮ್ಮಿ, ಕಾರ್ಖಾನೆಯವರು ತಪ್ಪು ಕತ್ತರಿಸಿದ್ದಾರೆ,
ಹನ್ನೆರಡು ಡಿಗ್ರಿ ಕಮ್ಮಿ."
ಸುಘ್ರಾ ಆ ಮೂರನ್ನೇ ಎತ್ತಿ
ಇಕ್ಕಳಕ್ಕೆ ಕೊಟ್ಟು ದಾರ ಎಳೆದಳು.
ಸಂದಿ ಮುಚ್ಚಿತು. ಮುಚ್ಚಿದ್ದೇ ತಡ
ನಡು ಮೇಲೆದ್ದಿತು, ಕೆಂಡದ ಮೇಲೆ ರೊಟ್ಟಿ ಉಸಿರು ಹಿಡಿದಂತೆ.
"ಸಾಲದ ಕಡೆ ಎಳೀಬೇಕು. ಎಳೆದರೆ ಉಬ್ತದೆ.
ಇದಕ್ಕೆ ಶಾಲೆ ಬೇರೆ."

ಗಂಟಿನ ತಳದಲ್ಲಿ ಇನ್ನೊಂದು ಸಿಕ್ಕಿತು,
ಅಚ್ಚು ಜಾರಿ ಅಂಚು ಒಳಕ್ಕೆ ಕಚ್ಚಿಸಿಕೊಂಡದ್ದು.
ಅದರ ಒಂದು ಕೋನ ಸರಳವನ್ನೂ ದಾಟಿತ್ತು;
ಕೋನಮಾಪಕ ಸಾಲದೆ ಹೊರಗಿನಿಂದ ಅಳೆದು ಕಳೆದಳು:
ಇನ್ನೂರ ಹತ್ತು. ಸರಳಾಧಿಕ.
ಯಾವ ನೆರೆಯೂ ಕೂಡದ್ದು, ಮೂಲೆಗುಂಪು.
ಪಾಠಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಳು.

ಕರೆಂಟು ಬಂತು, ಹೋಯಿತು. ಲಾಟೀನಿನ ಬೆಳಕಲ್ಲಿ
ಮೆಹ್ವಿಶ್ ಎಣಿಸಿದಳು: ಚೆಂಡಿಗೆ ಅರವತ್ತು ಮೂಲೆ,
ಒಂದೊಂದಕ್ಕೂ ಹನ್ನೆರಡು ಕಮ್ಮಿ.
ಗುಣಿಸಿದರೆ ಏಳುನೂರ ಇಪ್ಪತ್ತು.
ಅರೆ, ಒಂದು ಬಿಳಿ ಷಡ್ಭುಜದ ಆರೂ ಕೋನ ಸೇರಿದಷ್ಟು!
ಯಾರಿಗಾದರೂ ಹೇಳಬೇಕು.
ಅಮ್ಮಿಯ ತುಟಿ ಹೊಲಿಗೆ ಎಣಿಸುತ್ತಿತ್ತು,
ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ.
ಕಾದಳು.

ಕೊನೆಯ ಹೊಲಿಗೆ ಕುರುಡು.
ಗಂಟು ಒಳಗೇ ಬೀಳಬೇಕು, ಬೆರಳೇ ಕಣ್ಣು.
ಪಂಪು ಒತ್ತಿದಂತೆಲ್ಲ
ಮೂಲೆಗಳು ಒಂದೊಂದಾಗಿ ಹಟ ಬಿಟ್ಟವು.
"ಅಮ್ಮಿ, ಕೇಳು" ಅಂದಳು ಮೆಹ್ವಿಶ್.
ಸುಘ್ರಾ ಚೆಂಡಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿ,
ಸುಮ್ಮನಿರು ಅಂತ ಬೆರಳೆತ್ತಿದಳು,
ಅರವತ್ತರಲ್ಲಿ ಯಾವುದಾದರೂ ಒಂದು
ಸಣ್ಣಗೆ ಉಸ್ಸೆನ್ನುತ್ತಿದೆಯೇ ಎಂದು.